ಹಿತ್ತಲಿಗೆ ಬಂದ ಹೊಳೆಯ ಸಪ್ಪಳ

ಗಜೇಂದ್ರಗಡಕ್ಕೆ ಸೊಸೆಯಾಗಿ ಬಂದಾಗ ಆ ಊರಿನ ಮೇಲೆ ನನಗಿದ್ದದ್ದು ಒಂದೇ ತಕರಾರು: ಅಲ್ಲಿ ಹೊಳೆ ಇರಲಿಲ್ಲ. ಗುಡ್ಡ ಇತ್ತು, ಗುಡ್ಡದ ಮೇಲೆ ಕೋಟೆ ಇತ್ತು, ಸಂತೆ ಇತ್ತು, ಓಣಿಯ ಉದ್ದಕ್ಕೂ ಮಗ್ಗಗಳಿದ್ದವು. ಕುಡಿಯುವ ನೀರಿಗೆ ಊರ ಬಾವಿ, ಬಳಸುವ ನೀರಿಗೆ ಹಿತ್ತಲ ಬಾವಿ. ಬಾವಿಯ ನೀರು ಹಗ್ಗ ಬಿಟ್ಟು ಸೇದಿದರೆ ಬರುತ್ತದೆ, ಇಲ್ಲದಿದ್ದರೆ ತಳದಲ್ಲಿ ಸುಮ್ಮನೆ ಕೂತಿರುತ್ತದೆ.

ನನ್ನ ತವರು ಹೊಳೆಆಲೂರಿನ ಹತ್ತಿರ, ಮಲಪ್ರಭೆಯ ದಂಡೆಯ ಮೇಲಿನ ಸಣ್ಣ ಹಳ್ಳಿ. ನಮ್ಮ ಅಪ್ಪನೂ ನೇಕಾರನೇ. ಆದ್ದರಿಂದ ಮಗ್ಗದ ಸಪ್ಪಳ ನನಗೆ ಹೊಸದಲ್ಲ. ಆದರೆ ಅಲ್ಲಿ ಸಂಜೆ ಮಗ್ಗ ನಿಂತಿತೆಂದರೆ ಹೊಳೆ ಕೇಳಿಸುತ್ತಿತ್ತು. ಬೇಸಗೆಯಲ್ಲಿ ನೀರು ಬತ್ತಿ ಮಡುಗಳಾದಾಗಲೂ ಊರ ಮುಂದಿನ ಬಂಡೆಗಳ ಸಂದಿಯಲ್ಲಿ ಒಂದಿಷ್ಟು ನೀರು ಜುಳುಜುಳು ಎನ್ನುತ್ತಲೇ ಇರುತ್ತಿತ್ತು. ಅದನ್ನು ಕೇಳಿ ಕೇಳಿ ಬೆಳೆದವಳು ನಾನು. ಗಜೇಂದ್ರಗಡದಲ್ಲಿ ಮಗ್ಗ ನಿಂತರೆ ಏನೂ ಕೇಳಿಸುತ್ತಿರಲಿಲ್ಲ. ಆ ಹೊತ್ತಿಗೆ ನನಗೆ ಎದೆಯಲ್ಲಿ ಕಲ್ಲಿಟ್ಟ ಹಾಗಾಗುತ್ತಿತ್ತು, ಕಾರಣ ಕೇಳಿದರೆ ಹೇಳಲು ನಾಚಿಕೆ. ಹೊಟ್ಟೆಗೆ ರೊಟ್ಟಿ ಇದೆ, ಉಡಲು ಸೀರೆ ಇದೆ, ಹೊಳೆ ಇಲ್ಲ ಎಂದು ಅಳುವ ಸೊಸೆಯನ್ನು ಯಾವ ಅತ್ತೆ ಸಹಿಸುತ್ತಾಳೆ?

ಮೊದಲ ಪಂಚಮಿಗೆ ತವರಿಗೆ ಕಳಿಸಿದರು. ಜೋಕಾಲಿ ಆಡಿದ್ದಾಯಿತು, ಉಂಡಿ ತಿಂದದ್ದಾಯಿತು. ಹಬ್ಬ ಮುಗಿದರೂ ನಾನು ಹೊರಡಲಿಲ್ಲ. ಇವತ್ತು ತಲೆನೋವು, ನಾಳೆ ಅಮಾವಾಸ್ಯೆ ಎಂದು ದಿನ ದೂಡಿದೆ. ದಸರೆ ಹತ್ತಿರ ಬಂದಾಗ ಅವ್ವನಿಗೆ ನೇರವಾಗಿಯೇ ಹೇಳಿಬಿಟ್ಟೆ, ನಾನು ಹೋಗುವುದಿಲ್ಲ ಎಂದು. ಅವ್ವ ತಲೆಯ ಮೇಲೆ ಕೈ ಹೊತ್ತು ಕೂತಳು. ಅಪ್ಪ ನನ್ನ ಕೂಡ ಮಾತು ಬಿಟ್ಟ.

ಕರೆಯಲು ನಮ್ಮ ಮನೆಯವರೇ ಬಂದರು. ಅವರು ಮಾತು ಕಡಿಮೆಯ ಮನುಷ್ಯ. ಅಷ್ಟು ಜನರಿದ್ದ ಮನೆಯಲ್ಲಿ ಅಲ್ಲಿಯವರೆಗೆ ನಾವಿಬ್ಬರೂ ನೆಟ್ಟಗೆ ಕೂತು ಮಾತಾಡಿದ್ದೇ ಇರಲಿಲ್ಲ. ಸಂಜೆ ನಾನು ಕೊಡ ಹಿಡಿದು ಹೊಳೆಗೆ ಹೊರಟರೆ ಹಿಂದೆಯೇ ಬಂದು ಒಂದು ಬಂಡೆಯ ಮೇಲೆ ಕೂತರು. ಏನು ತೊಂದರೆ ಎಂದು ಕೇಳಿದರು. ಅವ್ವ ಕಲಿಸಿಕೊಟ್ಟ ನೆಪಗಳೆಲ್ಲ ನನಗೆ ಆ ಗಳಿಗೆಯಲ್ಲಿ ಮರೆತುಹೋದವು.

"ನಿಮ್ಮ ಮ್ಯಾಲ ನನಗೇನ ಸಿಟ್ಟಿಲ್ರಿ. ಆ ಊರಾಗ ನನಗ ಕಿವುಡಿ ಆದಂಗ ಆಗ್ತೈತಿ. ಈ ಸಪ್ಪಳಾ ಇಲ್ದ ನನ್ನ ಕೈಲಿ ಬಾಳೇ ಮಾಡಾಕ ಆಗೂದಿಲ್ಲ," ಎಂದೆ.

ನಗುತ್ತಾರೆ ಅಥವಾ ಬೈಯುತ್ತಾರೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಬಂಡೆಯ ಸಂದಿಗೆ ಕಿವಿಗೊಟ್ಟು ಬಹಳ ಹೊತ್ತು ಕೂತರು. ಕತ್ತಲಾಗುವ ಹೊತ್ತಿಗೆ ಎದ್ದು ನಿಂತು, "ಹೊಳಿ ತರೂದು ನನ್ನಿಂದ ಆಗೂದಿಲ್ಲ. ಸಪ್ಪಳಾ ತರ್ತೇನಿ. ಅದೂ ಆಗಲಿಲ್ಲಂದ್ರ ನಾನ ನಿನ್ನ ಇಲ್ಲಿಗಿ ತಂದು ಬಿಡ್ತೇನಿ, ಯಾರೂ ಏನೂ ಅನ್ನಂಗಿಲ್ಲ," ಎಂದರು. ಆ ಮಾತಿನ ಮೇಲೆ ನಾನು ಮರಳಿ ಹೋದೆ.

ನಾನು ಮರಳಿದ ವಾರದೊಳಗೇ ಹಿತ್ತಲಲ್ಲಿ ಗುದ್ದಲಿ ಬಿತ್ತು. ಬೆಳಗಿನಿಂದ ಬೆಳಕು ಮಾಸುವವರೆಗೆ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತವರು, ಮಗ್ಗದಿಂದ ಎದ್ದ ಮೇಲೆ ಇನ್ನೊಂದು ಕುಣಿ ತೋಡಲು ನಿಲ್ಲುತ್ತಿದ್ದರು. ಹಿತ್ತಲ ಒಂದು ತುದಿಗೆ ಬಾವಿ, ಅದರ ಕಟ್ಟೆ ಸೊಂಟದೆತ್ತರ. ಇನ್ನೊಂದು ತುದಿಗೆ ನುಗ್ಗೆಗಿಡ. ನುಗ್ಗೆಗಿಡದ ಬುಡದಲ್ಲಿ ಹೊಂಡ. ಬಾವಿಕಟ್ಟೆಯಿಂದ ಹೊಂಡದ ತನಕ ಕಲ್ಲು ಮಣ್ಣಿನ ಗಿಡ್ಡ ಗೋಡೆ. ಗೋಡೆಯ ನೆತ್ತಿಯ ಮೇಲೆ ಕಾಲುವೆ. ಕಟ್ಟೆಯ ಮೇಲೆ ಕೊಡ ಸುರುವಿದರೆ ನೀರು ಕಾಲುವೆಯಲ್ಲಿ ಹರಿದು ಬಂದು ಹೊಂಡಕ್ಕೆ ಧುಮುಕಬೇಕು, ಇದು ಅವರ ಲೆಕ್ಕ. ರಜೆಯ ದಿನ ಗುಡ್ಡಕ್ಕೆ ಹೋಗಿ ಚಪ್ಪಟೆ ಕಲ್ಲು ಹೊತ್ತು ತಂದರು. ಹೊಂಡಕ್ಕೆ ಸುಣ್ಣದ ಗಚ್ಚು ಬಳಿದರು. ಸುಣ್ಣದ ಕಾರ ಇಳಿಯಲಿ ಎಂದು ಎಷ್ಟೋ ಸಲ ನೀರು ತುಂಬಿ ಚೆಲ್ಲಿದರು. ಓಣಿಯವರು ಬಂದು ಇಣುಕಿ, ಎಮ್ಮೆ ತರುತ್ತೀರೇನು ಎಂದು ಕೇಳಿ ಹೋಗುತ್ತಿದ್ದರು.

ನೀರು ಬಿಡುವ ದಿನ ಬಂತು. ನಾನು ಹೊಂಡದ ಪಕ್ಕ ಕೂತೆ. ಅವರು ಕಟ್ಟೆ ಹತ್ತಿ ಕೊಡ ಸುರುವಿದರು. ನೀರು ಕಾಲುವೆಗೆ ಇಳಿಯಿತು, ಅರ್ಧ ದಾರಿ ಬಂತು, ನಿಂತಿತು. ಇನ್ನೊಂದು ಕೊಡ ಸುರುವಿದರು. ನೀರು ತುಂಬಿಕೊಂಡು ಅಲ್ಲೇ ನಿಂತು ಗೋಡೆಯ ಎರಡೂ ಕಡೆ ಸೋರತೊಡಗಿತು. ಹೊಂಡಕ್ಕೆ ಬಿದ್ದದ್ದು ನಾಲ್ಕು ಹನಿ.

ನಾನು ಎದ್ದು ಕಾಲುವೆ ನೋಡಿದೆ. ಈ ತುದಿಯಿಂದ ಆ ತುದಿಗೆ ಕೂದಲೆಳೆಯಷ್ಟೂ ಏರಿಲ್ಲ, ಇಳಿಜಾರಿಲ್ಲ. ನನಗೆ ತಕ್ಷಣ ತಿಳಿಯಿತು. ನೇಕಾರರು ಬೆಳಿಗ್ಗೆ ಎದ್ದು ಓಣಿಯಲ್ಲಿ ಹಾಸು ಚಾಚುತ್ತಾರೆ, ಅಂದರೆ ಸೀರೆಯ ಉದ್ದದ ಎಳೆಗಳನ್ನೆಲ್ಲ ಬಿಗಿದು ಕಟ್ಟಿ ಗಂಜಿ ಹಚ್ಚುತ್ತಾರೆ. ಆಗ ನೆಲಕ್ಕೆ ಕುಕ್ಕರಿಸಿ, ಒಂದು ಕಣ್ಣು ಮುಚ್ಚಿ, ಎಲ್ಲಾದರೂ ಜೋಲು ಬಿದ್ದಿದೆಯೇ ಎಂದು ನೋಡುವುದು ಅವರ ರೂಢಿ. ಜೋಲು ಬಿದ್ದರೆ ಸೀರೆ ಕೆಟ್ಟಿತು. ಇವರು ಎರಡು ಗೂಟ ನೆಟ್ಟು, ನಡುವೆ ನೂಲು ಜಗ್ಗಿ ಕಟ್ಟಿ, ಅದೇ ಒಕ್ಕಣ್ಣಿನಲ್ಲಿ ನೋಡಿ ನೋಡಿ ಕಾಲುವೆ ಕಟ್ಟಿದ್ದರು. ಹಾಸಿನ ಹಾಗೆ ಸಪಾಟ.

ನಾನು ನಕ್ಕುಬಿಟ್ಟೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರ ಮುಖ ನೋಡಿದಾಗ ನಗು ನಿಂತಿತು. ಅವರು ಖಾಲಿ ಕೊಡ ಹಿಡಿದು ಕಟ್ಟೆಯ ಮೇಲೆಯೇ ನಿಂತಿದ್ದರು. ಈ ಹೊಂಡ ಸೋತರೆ ನನ್ನನ್ನು ತವರಿಗೆ ಬಿಟ್ಟು ಬರುತ್ತೇನೆ ಎಂದ ಮಾತು ಅವರಿಗೆ ನೆನಪಿತ್ತು. ನನಗೂ ಇತ್ತು. ಅವರು ಕೇಳಿದರು, "ಹಂಗಾರ ಯಾವಾಗ ಹೋಗೂಣು?"

ಅಂದು ನನಗೆ ಹೊಳೆಯ ಆಸೆ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಆದರೆ ಆ ಮುಖವನ್ನು ಅಲ್ಲೇ ಬಿಟ್ಟು ಗಂಟು ಕಟ್ಟುವುದು ನನ್ನಿಂದ ಆಗಲಿಲ್ಲ. ಸೆರಗು ಸಿಗಿಸಿಕೊಂಡು, ನೀರೇನು ನೂಲಲ್ಲ, ಅದನ್ನು ಜಗ್ಗಿ ಹಿಡಿಯಲು ಬರುವುದಿಲ್ಲ, ಅದಕ್ಕೆ ಇಳಿಜಾರು ಬೇಕು, ನಡುನಡುವೆ ಎಡವಲು ಕಲ್ಲು ಬೇಕು ಎಂದು ಜೋರು ಮಾಡಿದೆ. ಗೋಡೆ ಕೆಡವಿದೆವು. ಈ ಸಲ ಅವರು ಕಲ್ಲು ಕೊಡುವುದು, ನಾನು ಇಡುವುದು. ಬಾವಿಯಿಂದ ಇಳಿಸುತ್ತ ಇಳಿಸುತ್ತ ಬಂದು ಹೊಂಡದ ಹತ್ತಿರ ಮೊಣಕಾಲೆತ್ತರಕ್ಕೆ ನಿಲ್ಲಿಸಿದೆವು. ಮೊದಲು ನೀರು ಬಿದ್ದಾಗ ಬಚ್ಚಲಿಗೆ ಚೊಂಬು ಚೆಲ್ಲಿದಂತೆ ದೊಪ್ಪೆಂದಿತು. ಒಂದು ಕಲ್ಲು ಮುಂದೆ ಚಾಚಿದೆ, ಒಂದನ್ನು ಓರೆ ಮಾಡಿದೆ. ಕೊನೆಗೆ ಒಡೆದ ಗಡಿಗೆಯೊಂದನ್ನು ನೀರು ಬೀಳುವ ಜಾಗದಲ್ಲಿ ಮಗುಚಿ ಹುಗಿದು, ಮೇಲೆ ತೆಳ್ಳಗಿನ ಕಲ್ಲು ಹೊದಿಸಿದೆ. ಆಗ ಒಳಗಿನಿಂದ ದನಿ ಬಂತು. ನಮ್ಮ ಹೊಳೆಯದೇ ದನಿ ಎಂದರೆ ಸುಳ್ಳಾದೀತು, ಅದರ ತಂಗಿಯ ದನಿ ಎನ್ನಬಹುದು. ನಾನು ಅಲ್ಲೇ ಕೂತು ಅತ್ತೆ.

ಮೀನು ತಂದದ್ದು ಅವರ ಹುಚ್ಚು. ಮಗ್ಗಕ್ಕೆ ಒಂದು ದಿನ ರಜೆ ಹಾಕಿ ಹೊಳೆಆಲೂರಿಗೆ ಹೋಗಿ, ಬೆರಳುದ್ದದ ಬೆಳ್ಳನೆಯ ಮೀನುಗಳನ್ನು ಮಣ್ಣಿನ ಗಡಿಗೆಯಲ್ಲಿ ಹಿಡಿದು, ಬಾಯಿಗೆ ಹಸಿ ಬಟ್ಟೆ ಕಟ್ಟಿ, ರೋಣದಲ್ಲಿ ಬಸ್ಸು ಬದಲಿಸಿ ತೊಡೆಯ ಮೇಲಿಟ್ಟುಕೊಂಡು ತಂದರು. ಬಸ್ಸಿನಲ್ಲಿ ಒಬ್ಬಾತ, ನೇಕಾರಿಕೆ ಬಿಟ್ಟು ಮೀನಿನ ವ್ಯಾಪಾರ ಹಿಡಿದಿರೇನು ಎಂದು ಕೇಳಿದನಂತೆ. ನಮ್ಮದು ಮಾಂಸ ಮೀನು ಮುಟ್ಟದ ಮನೆ. ಅತ್ತೆ ಕೆಂಡವಾದರು. ಓಣಿಯವರು ಏನೆಂದುಕೊಂಡಾರು, ನಾಳೆ ದೇವರ ಕಾರ್ಯಕ್ಕೆ ನಮ್ಮನ್ನು ಯಾರು ಕರೆದಾರು ಎಂದು ಬಾಗಿಲಿಗೆ ಅಡ್ಡ ನಿಂತರು. ಕೊನೆಗೆ ಗಡಿಗೆ ಹಿಂದಿನ ಸಂದಿಯಿಂದ ಸುತ್ತು ಹಾಕಿ ಹಿತ್ತಲಿಗೆ ಬಂತು, ಹೊಸ್ತಿಲು ದಾಟಲಿಲ್ಲ. ಒಂದಷ್ಟು ಮೀನು ಸತ್ತವು, ಉಳಿದವು ಬದುಕಿ ದೊಡ್ಡವಾದವು. ತಿಂಗಳೊಪ್ಪತ್ತಿನಲ್ಲಿ ಅತ್ತೆ ಪೂಜೆ ಮುಗಿಸಿ ಒಂದು ಹಿಡಿ ಚುರುಮುರಿ ತಂದು ಹೊಂಡಕ್ಕೆ ಹಾಕುವುದನ್ನು ನಾನು ಕಂಡೆ. ಕಂಡೂ ಕಾಣದ ಹಾಗೆ ಒಳಗೆ ಹೋದೆ.

ಈಗ ನಮ್ಮ ಮನೆಯವರಿಲ್ಲ. ಆ ಸಂಜೆಗಳು ಮಾತ್ರ ಇನ್ನೂ ಕಣ್ಣಮುಂದಿವೆ. ಮಗ್ಗದಿಂದ ಎದ್ದು ಕಾಲು ಕೊಡವಿ ಅವರು ಹಿತ್ತಲಿಗೆ ಬರುತ್ತಿದ್ದರು, ನಾನು ಹೊಂಡದ ಪಕ್ಕ ಕೂತಿರುತ್ತಿದ್ದೆ. ಬಾವಿಯ ನೀರು ಸುಮ್ಮನೆ ಸುರಿದರೆ ಬೇಸಗೆಯಲ್ಲಿ ತಳ ಕಾಣುತ್ತದೆ, ಅದಕ್ಕೆ ಹೊಂಡದ ನೀರನ್ನೇ ಕೊಡದಲ್ಲಿ ಮೊಗೆದು, ಹೊತ್ತು ಕಟ್ಟೆಗೆ ಹೋಗಿ ಸುರುವುತ್ತಿದ್ದರು. ಅದೇ ನೀರು ಹರಿದು ಬಂದು ಬೀಳುತ್ತಿತ್ತು. ಬಿದ್ದು ಮುಗಿಯುತ್ತಲೇ ಅವರು ಮತ್ತೆ ನನ್ನ ಪಕ್ಕ ಬಗ್ಗಿ ಕೊಡ ತುಂಬುತ್ತಿದ್ದರು. ಒಮ್ಮೊಮ್ಮೆ ಒದ್ದೆ ಕೈಯಿಂದ ನನ್ನ ಮೇಲೆ ನೀರು ಚಿಮುಕಿಸಿ, ಏನೂ ಮಾಡದವರ ಹಾಗೆ ಎದ್ದು ಹೋಗುತ್ತಿದ್ದರು. ತವರಿಗೆ ಬಿಟ್ಟು ಬರುವ ಮಾತು ಮತ್ತೆ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಮೇಲೆ ಮಿಲ್ಲಿನ ಸೀರೆಗಳು ಸಂತೆಗೆ ರಾಶಿ ರಾಶಿ ಬಂದವು. ನಮ್ಮ ಓಣಿಯ ಮಗ್ಗಗಳು ಒಂದೊಂದೇ ಸುಮ್ಮನಾದವು. ಸೋಲಾಪುರದ ಮಿಲ್ಲಿನಲ್ಲಿ ಕೆಲಸವಿದೆ ಎಂದು ಊರ ಗಂಡಸರು ಹೊರಟರು, ಇವರೂ ಹೊರಟರು. ಯುಗಾದಿಗೆ ಬರುತ್ತೇನೆ ಎಂದಿದ್ದರು. ಯುಗಾದಿಗೆ ಬಂದದ್ದು ಅಲ್ಲಿಂದ ಬಂದವರ ಬಾಯಲ್ಲಿ ಒಂದು ಮಾತು, ರಜೆ ಸಿಗಲಿಲ್ಲವಂತೆ, ಅವರು ಚೆನ್ನಾಗಿದ್ದಾರಂತೆ. ಚೆನ್ನಾಗಿದ್ದಾರೆ ಎಂದು ಕೇಳಿ ನನಗೆ ಸಿಟ್ಟೇ ಬಂತು.

ಸಂಜೆಯಾದರೆ ಕೈಕಾಲು ನಿಲ್ಲುತ್ತಿರಲಿಲ್ಲ. ನಾನೇ ಹೊಂಡದಲ್ಲಿ ಕೊಡ ಮೊಗೆದು, ಕಟ್ಟೆ ಹತ್ತಿ ಸುರುವಿ, ಸೆರಗು ಎತ್ತಿಕೊಂಡು ಕೆಳಗೆ ಓಡುತ್ತಿದ್ದೆ. ನಾನು ಬರುವಷ್ಟರಲ್ಲಿ ನೀರು ಬಿದ್ದು ಮುಗಿದು, ಕಲ್ಲಿನ ಅಂಚಿಗೆ ಹನಿ ತೊಟ್ಟಿಕ್ಕುತ್ತಿರುತ್ತಿತ್ತು. ಜೋರಾಗಿ ಓಡಿ ನೋಡಿದೆ. ನೀರು ನನಗಿಂತ ಲಗು. ಕಟ್ಟೆಯಿಂದ ಕಾಲುವೆಗೆ ನೀರು ಇಳಿಯುವ ಬಾಯಿಗೆ ಬಟ್ಟೆ ತುರುಕಿ, ಅದಕ್ಕೆ ನೂಲು ಕಟ್ಟಿ, ಕೆಳಗೆ ಕೂತು ಜಗ್ಗಿಯೂ ನೋಡಿದೆ. ಒಮ್ಮೆ ಗೊಳಕ್ಕೆಂದು ಬಿದ್ದು ಮತ್ತೆ ಮೊದಲಿನ ಹಾಗೆಯೇ. ಆ ಝರಿಯನ್ನು ಒಬ್ಬರು ಸುರುವಬೇಕು, ಒಬ್ಬರು ಕೇಳಬೇಕು. ಭಾವನವರ ಮಕ್ಕಳನ್ನು ಕರೆದು ಸುರುವಿರಿ ಎನ್ನಲು ನನಗೆ ಸಂಕೋಚ.

ಪಕ್ಕದ ಭಾಗದಲ್ಲೇ ಭಾವನವರ ಸಂಸಾರ, ಅತ್ತೆ ಎರಡೂ ಕಡೆ ಓಡಾಡಿಕೊಂಡಿದ್ದವರು. ನನ್ನ ಈ ಓಟ ಅವರ ಕಣ್ಣಿಗೆ ಬಿದ್ದಿರಬೇಕು. ಒಂದು ಸಂಜೆ ಬಂದು ನನ್ನ ಕೈಯಿಂದ ಕೊಡ ಕಸಿದುಕೊಂಡರು. ಹೊಂಡದ ಪಕ್ಕ ಬೆರಳು ತೋರಿಸಿ ಕೂಡು ಎಂದರು. ಮೊಣಕಾಲು ನೋವಿನ ಹೆಂಗಸು, ಅರ್ಧ ಕೊಡ ಮೊಗೆದುಕೊಂಡು ಗೋಡೆ ಹಿಡಿದು ಕಟ್ಟೆಗೆ ಹೋಗಿ ಸುರುವಿದರು.

ನೀರು ಬಂತು. ಕಲ್ಲುಗಳನ್ನು ಎಡವಿ, ಗಡಿಗೆಯ ಮೇಲೆ ಬಿದ್ದು ದನಿ ಮಾಡಿತು. ಅದೇ ದನಿ, ನಾನೇ ಕಲ್ಲು ಓರೆ ಮಾಡಿ ಕೂಡಿಸಿದ ದನಿ. ಎಷ್ಟು ತಿಂಗಳಿಂದ ಅದಕ್ಕಾಗಿ ಓಡಾಡಿದ್ದೆನೋ ಅದು ಈಗ ಕಿವಿಯ ಬುಡದಲ್ಲೇ ಇತ್ತು. ನನಗೆ ಏನೂ ಆಗಲಿಲ್ಲ. ನೀರು ಮುಗಿಯಿತು. ನಾನು ಕೂತಲ್ಲೇ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದೆ, ಕೊಡ ತುಂಬಲು ಬಗ್ಗುವವರಿಗೆ. ಆ ಜಾಗಕ್ಕೆ ಯಾರೂ ಬರಲಿಲ್ಲ. ಅತ್ತೆ ಅಲ್ಲೇ ಕಟ್ಟೆಯ ಮೇಲೆ ಕೂತು ಏದುಸಿರು ಬಿಡುತ್ತಿದ್ದರು.

"ಸಾಕ್ರಿ ಅತ್ತಿ, ಇಳೀರಿ," ಎಂದೆ. ಸೆರಗಿನಿಂದ ಕಣ್ಣೊರೆಸಿಕೊಂಡೆ.

ಅವರು ನನ್ನನ್ನು ನೋಡಿದರು. "ಸಪ್ಪಳಾ ಬಂತಲ್ಲವಾ. ಮತ್ಯಾಕ ಅಳ್ತಿ?" ಎಂದರು. ಅವರ ಕಣ್ಣು ನನ್ನ ಪಕ್ಕದ ಖಾಲಿ ಜಾಗಕ್ಕೆ ಹೋಯಿತು. ನಾನು ಹೇಳುವ ಅಗತ್ಯ ಬೀಳಲಿಲ್ಲ. ಅವರೇ, "ನಾ ದೊಡ್ಡಾವನ ಕಡೆ ಉಣ್ತೇನಿ. ನೀ ಸೋಲಾಪುರಕ್ಕ ನಡಿ," ಎಂದರು.

ಗದಗಿನಲ್ಲಿ ರೈಲುಗಾಡಿ ಹತ್ತಿಸಲು ಭಾವನವರು ಬಂದಿದ್ದರು. ಸೋಲಾಪುರದ ದಾರಿಯಲ್ಲೇ ನನ್ನ ತವರಿನ ಸ್ಟೇಷನ್ ಸಿಗುತ್ತದೆ. ಅಲ್ಲಿಳಿದು ಅವ್ವನನ್ನು ನೋಡಿ, ಹೊಳೆಯಲ್ಲಿ ಕಾಲಿಳಿಬಿಟ್ಟು ಕೂತು, ಎರಡು ದಿನ ಬಿಟ್ಟು ಹೋಗು ಎಂದು ಅತ್ತೆಯೇ ಹೇಳಿದ್ದರು. ನಾನೂ ಹೂಂ ಎಂದಿದ್ದೆ. ಹೊಳೆಆಲೂರಿನಲ್ಲಿ ಗಾಡಿ ನಿಂತಿತು. ಗಂಟು ತೊಡೆಯ ಮೇಲೆಯೇ ಇತ್ತು. ಜನ ಇಳಿದರು, ಜನ ಹತ್ತಿದರು, ನಾನು ಏಳಲಿಲ್ಲ. ಮುಂದೆ ಸೇತುವೆ ಬಂತು. ಕೆಳಗೆ ಮಲಪ್ರಭೆ ತುಂಬಿ ಹರಿಯುತ್ತಿತ್ತು, ಡಬ್ಬಿಯ ಹೆಂಗಸರೆಲ್ಲ ಕಿಟಕಿಗೆ ಬಂದು ಕೈ ಮುಗಿದರು. ಗಾಡಿ ಸೇತುವೆಯ ಮೇಲೆ ನಿಧಾನವಾಯಿತು. ಹಾಳು ಗಾಡಿ, ಲಗೂ ಹೋಗಬಾರದೇ ಎಂದು ಬೈದುಕೊಂಡೆ.