ತಲೆಗೆ ಎಣ್ಣೆ ಹಚ್ಚಿಕೊಂಡು ಒನ್-ನಾರ್ತ್‌ಗೆ

ಪಾಯಾ ಲೆಬಾರ್‌ನಿಂದ ನಾವು ಹೊರಟಾಗ ಬೆಳಗಿನ ಎಂಟೂವರೆ. ನಾವು ಎಂದರೆ ನಾನು ಮತ್ತು ಈ ಪರದೇಶದಲ್ಲಿ ಮನೆ ಮಾಡಿರುವ ನನ್ನ ತಮ್ಮನ ಮಗಳು, ಹದಿನಾಲ್ಕರ ನಿಧಿ. ಮೈಸೂರಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದವಳು ನಾನು, ಬಾಯಿ ಸುಮ್ಮನಿರುವುದಿಲ್ಲ. ವಿಜ್ಞಾನ, ತಂತ್ರಜ್ಞಾನದ ಸಮಸ್ಯೆಗಳನ್ನು ಬಿಡಿಸುವಾಗ ಮಕ್ಕಳ ಮಿದುಳಿನಲ್ಲಿ ಏನಾಗುತ್ತದೆಂದು ಒನ್-ನಾರ್ತ್‌ನ ಒಂದು ಲ್ಯಾಬಿನಲ್ಲಿ ನೋಡುತ್ತಾರಂತೆ. ಅವಳ ಶಾಲೆಯಿಂದ ಆಯ್ಕೆಯಾದವಳು ಇವಳೊಬ್ಬಳೇ. ವಾರದಿಂದ ಅದೇ ಜಪ.

ಎಂ.ಆರ್.ಟಿ. ರೈಲಿನಲ್ಲಿ ಹದಿಮೂರು ಸ್ಟೇಷನ್ ದಾಟಿ ಇಳಿದೆವು. ಹೊರಗೆ ಧಗೆ, ಲ್ಯಾಬಿನೊಳಗೆ ನಡುಗುವಷ್ಟು ಚಳಿ. ಅಲ್ಲಿ ಕೆಲಸ ಮಾಡುವ ಶ್ವೇತಾ ಉಡುಪಿಯ ಹುಡುಗಿ. ತಂತಿಗಳ ಟೋಪಿ ಹಿಡಿದು ಬಂದವಳು ನಿಧಿಯ ಕೂದಲು ಮುಟ್ಟಿ ನಿಂತುಬಿಟ್ಟಳು.

"ಆಂಟಿ, ಎಣ್ಣೆ ಹಾಕಿದೀರಾ? ಸಿಗ್ನಲ್ ಸರಿಯಾಗಿ ಬರಲ್ಲ. ಮೆಸೇಜ್‌ನಲ್ಲಿ ಹೇಳಿದ್ವಲ್ಲ!"

ಮೆಸೇಜು ಹೋಗಿದ್ದು ನಿಧಿಯ ಅಮ್ಮನ ಫೋನಿಗೆ, ಅವಳು ನಸುಕಿಗೇ ಆಫೀಸಿಗೆ ಹೋಗಿದ್ದಳು. ಪರೀಕ್ಷೆಯ ದಿನ ತಲೆ ತಂಪಾಗಿರಲಿ ಎಂದು ಕೊಬ್ಬರಿ ಎಣ್ಣೆ ತಿಕ್ಕಿದವಳು ನಾನು. ನಿಧಿಯ ಕಣ್ಣು ತುಂಬಿತು. "ಇನ್ನೊಂದ್ ಸ್ಲಾಟ್ ಇಲ್ಲ ಲಾ, ಅತ್ತೆ" ಎಂದಳು, ಇಲ್ಲಿನ ಮಕ್ಕಳ ಹಾಗೆ 'ಲಾ' ಸೇರಿಸಿ. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ಅರ್ಧ ಗಂಟೆ ಟೈಮಿದೆ. ಸಿಂಕಲ್ಲಿ ವಾಶ್ ಮಾಡಿ" ಎಂದಳು ಶ್ವೇತಾ, ಶಾಂಪೂ ಕೊಟ್ಟು. ಮೂರು ಸಲ ತಿಕ್ಕಿದೆ. ನನ್ನ ಸೀರೆಯೂ ನೆನೆಯಿತು.

ಕಡೆಗೆ ಟೋಪಿ ಕೂತಿತು, ಪರದೆಯ ಮೇಲೆ ಅವಳ ಮಿದುಳಿನ ಗೆರೆಗಳು ಮೂಡಿದವು. ಮಳೆ ಬಂದರೆ ತಾನೇ ಮುಚ್ಚಿಕೊಳ್ಳುವ ಕಿಟಕಿಯೊಂದನ್ನು ರೂಪಿಸಿ ಚಿತ್ರ ಬರೆಯಬೇಕು, ಅದೇ ಸಮಸ್ಯೆ. ನಿಧಿ ಪೆನ್ಸಿಲ್ ಹಿಡಿದು ಗೋಡೆ ನೋಡುತ್ತ ಕುಳಿತಳು. ಒಂದು ನಿಮಿಷ, ಎರಡು ನಿಮಿಷ. ಗಾಜಿನಾಚೆ ನಾನು ಚಡಪಡಿಸಿದೆ. "ಸುಮ್ನೆ ಕೂತಿದಾಳಲ್ಲಮ್ಮ, ಏನಾದ್ರೂ ಬರಿ ಅಂತ ಹೇಳ್ಲಾ?"

"ಅಯ್ಯೋ ಬೇಡ ಆಂಟಿ! ಸುಮ್ನೆ ಎಲ್ಲಿ? ಇಲ್ಲಿ ನೋಡಿ." ಶ್ವೇತಾ ಪರದೆ ತೋರಿಸಿದಳು.

ಆ ಗೆರೆಗಳ ಅರ್ಥ ನನಗೆ ತಿಳಿಯಲಿಲ್ಲ, ಒಂದೂ ಸುಮ್ಮನಿರಲಿಲ್ಲ ಎಂಬುದಷ್ಟೇ ಕಂಡಿತು. ಗೋಡೆ ನೋಡುತ್ತಿದ್ದ ಎಷ್ಟು ಮಕ್ಕಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೆನೋ! ನಾಚಿಕೆಯಾಯಿತು. ಆಮೇಲೆ ನಿಧಿ ಬಗ್ಗಿ ಒಂದೇ ಉಸಿರಿಗೆ ಚಿತ್ರ ಬರೆದಳು. "ರೆಕಾರ್ಡಿಂಗ್ ಚೆನ್ನಾಗಿ ಬಂತು" ಎಂದಳು ಶ್ವೇತಾ. ಹೊರಬಂದು ನಾನೂ ನಿಧಿಯೂ ತಿಂಡಿ ಅಂಗಡಿಗಳು ಸಾಲಾಗಿದ್ದ ಹಾಕರ್ ಸೆಂಟರಿನಲ್ಲಿ ಹೊಟ್ಟೆ ತುಂಬ ದೋಸೆ ತಿಂದೆವು.

ವಾಪಸು ರೈಲಿನಲ್ಲಿ ನಿಧಿ ಸುರಂಗದ ಕತ್ತಲೆಯನ್ನೇ ನೋಡುತ್ತ ಕುಳಿತಳು. ಬೆರಳು ಮಡಿಲ ಮೇಲೆ ಏನೋ ಗೀಚುತ್ತಿತ್ತು. ಪಾಯಾ ಲೆಬಾರ್ ಬಂತು, ಬಾಗಿಲು ತೆರೆಯಿತು. ನಾನು ತುಟಿ ಬಿಚ್ಚಲಿಲ್ಲ. ಬಾಗಿಲು ಮುಚ್ಚಿತು.

ಮುಂದಿನ ಸ್ಟೇಷನ್ನಿನಲ್ಲಿ ಅವಳು ಬೆಚ್ಚಿ ಎದ್ದಳು. "ಅತ್ತೆ! ನಮ್ಮ ಸ್ಟೇಷನ್ ಮಿಸ್ ಆಯ್ತು! ಯಾಕೆ ಹೇಳ್ಲಿಲ್ಲ?"

"ನೀನು ಕೆಲಸದಲ್ಲಿದ್ದೆ" ಎಂದೆ.