ಮುಂದಿನ ಸೀಟಿನ ಅಹಲ್ಯಾ ಆಂಟಿ

ಅಡಿಲೇಡ್‌ನ ಕನ್ನಡದವರು ಅಹಲ್ಯಾ ಆಂಟಿಗೆ ಇಟ್ಟಿದ್ದ ಹೆಸರು ಬಾಯಿಬಡುಕಿ. ಎದುರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬೆನ್ನ ಹಿಂದೆ ಎಲ್ಲ ಮನೆಗಳಲ್ಲೂ ಅದೇ ಚಾಲ್ತಿಯಲ್ಲಿತ್ತು. ಗಂಡ ಪಂಚಾಕ್ಷರಿ ಅಂಕಲ್ ಕಾರು ಓಡಿಸುವಾಗ ಪಕ್ಕದಲ್ಲಿ ಕೂತ ಈಕೆ ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. "ರೆಡ್ ಬಂತು ರೀ. ಎಡಗಡೆ ಸೈಕಲ್ಲು. ಮುಂದಿನವನು ಬ್ರೇಕ್ ಹಾಕ್ದ. ಹ್ಞಾಂ, ಗ್ರೀನ್, ಹೋಗಿ." ಹಿಂದೆ ಕೂತವರು ಮುಖ ಮುಖ ನೋಡಿಕೊಂಡು ನಗು ನುಂಗುತ್ತಿದ್ದರು. ಪಾಪ ಅಂಕಲ್, ಎಂಥ ತಾಳ್ಮೆ ಎನ್ನುತ್ತಿದ್ದರು.

ಅಂಕಲ್ ಮಾತ್ರ ಎಲ್ಲರಿಗೂ ಬೇಕಾದವರು. ಊರಿನಿಂದ ಯಾರ ಅಪ್ಪ ಅಮ್ಮ ಬಂದರೂ ಒಂದು ಶನಿವಾರ ಅವರನ್ನು ಹಾನ್‌ಡಾರ್ಫ್‌ಗೆ ಕರೆದುಕೊಂಡು ಹೋಗುವ ಕೆಲಸ ಅವರದೇ. ಅಡಿಲೇಡ್‌ನಿಂದ ಬೆಟ್ಟ ಹತ್ತಿದರೆ ಅರ್ಧ ಗಂಟೆಯ ದಾರಿ. ನೂರೆಂಬತ್ತು ವರ್ಷಗಳ ಹಿಂದೆ ಜರ್ಮನಿಯಿಂದ ಹಡಗಿನಲ್ಲಿ ಬಂದವರು ಕಟ್ಟಿಕೊಂಡ ಊರು ಅದು. ಕರೆಸಿಕೊಂಡ ಮಕ್ಕಳಿಗೆ ಆಸ್ಪತ್ರೆಯ ಶಿಫ್ಟು, ಆಫೀಸು. ಅಂಕಲ್‌ಗೆ ನಿವೃತ್ತಿಯ ಬಿಡುವು. ಪೆಟ್ರೋಲಿಗೂ ಯಾರ ಕೈಯಿಂದಲೂ ಒಂದು ಕಾಸು ಮುಟ್ಟುತ್ತಿರಲಿಲ್ಲ.

ಆ ಊರಿನ ಮೇಲೆ ಅವರಿಗೆ ಅಷ್ಟೊಂದು ಪ್ರೀತಿ ಏಕೆಂದರೆ, ಎಂಬತ್ತರ ದಶಕದಲ್ಲಿ ಮೈಸೂರಿನ ಕಾರ್ಖಾನೆಯವರು ಅವರನ್ನು ಆರು ತಿಂಗಳ ತರಬೇತಿಗೆ ಜರ್ಮನಿಯ ನ್ಯೂರೆಂಬರ್ಗ್‌ಗೆ ಕಳಿಸಿದ್ದರು. ಭಾನುವಾರ ಬಂತೆಂದರೆ ರೈಲು ಹತ್ತಿ ಒಂದು ವಾರ ಬ್ಯಾಂಬರ್ಗ್, ಇನ್ನೊಂದು ವಾರ ರೋಥೆನ್‌ಬರ್ಗ್. ಸಂಜೆ ವಾಪಸು ಬಂದು ಕೋಟೆಯ ಗೋಡೆ ಹತ್ತಿ ಕೆಂಪು ಹೆಂಚಿನ ಊರನ್ನೆಲ್ಲ ನೋಡುತ್ತಾ ನಿಲ್ಲುತ್ತಿದ್ದರಂತೆ. ಇದನ್ನು ನಾನು ಅವರ ಬಾಯಿಂದ ಎಷ್ಟು ಸಲ ಕೇಳಿದ್ದೇನೆಂದರೆ, ನ್ಯೂರೆಂಬರ್ಗ್‌ನಲ್ಲಿ ಇಳಿಸಿದರೆ ಕಣ್ಣು ಮುಚ್ಚಿಕೊಂಡು ಕೋಟೆಗೆ ಹೋಗಿಬಿಟ್ಟೇನು. ಆ ಆರು ತಿಂಗಳು ಅಹಲ್ಯಾ ಆಂಟಿ ಎಲ್ಲಿದ್ದರು ಎಂದು ಮಾತ್ರ ಯಾರೂ ಕೇಳಿದ್ದಿಲ್ಲ. ಅತ್ತೆ ಮಾವನ ಜೊತೆ ಮೈಸೂರಿನಲ್ಲಿ, ಕೈಗೂಸು ಚೈತನ್ಯಾಳನ್ನು ಎತ್ತಿಕೊಂಡು, ತಿಂಗಳಿಗೊಂದು ಬರುವ ಬಣ್ಣದ ಪೋಸ್ಟ್‌ಕಾರ್ಡ್ ನೋಡಿಕೊಂಡು ಇದ್ದರು.

ಆ ಮಗಳು ಹೈಸ್ಕೂಲಿಗೆ ಬಂದಾಗ ಸಂಸಾರ ಅಡಿಲೇಡ್‌ಗೆ ಬಂತು. ಆಂಟಿ ಒಂದು ಆಸ್ಪತ್ರೆಯ ಅಡುಗೆಮನೆ ಸೇರಿ ವರ್ಷಗಟ್ಟಲೆ ರೋಗಿಗಳ ಊಟದ ಟ್ರೇ ಜೋಡಿಸಿದರು. ಡ್ರೈವಿಂಗ್ ಕಲಿಯಲಿಲ್ಲ. ಒಮ್ಮೆ ಕಲಿಯುತ್ತೇನೆಂದು ಹೊರಟಾಗ ಅಂಕಲ್, "ನಾನಿರೋವಾಗ ನಿನಗ್ಯಾಕೆ?" ಎಂದರಂತೆ. ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ಚೈತನ್ಯಾ ಈಗ ಬ್ರಿಸ್ಬೇನ್‌ನ ಟೂವಾಂಗ್‌ನಲ್ಲಿದ್ದಾಳೆ, ದಿನಾ ಸಂಜೆ ಫೋನು ಮಾಡುತ್ತಾಳೆ. ಫೋನಿನಲ್ಲಿ ಮಾತು ಕೇಳುತ್ತದೆಯೇ ಹೊರತು ಅಪ್ಪ ಕಾರು ಹೇಗೆ ಓಡಿಸುತ್ತಾರೆ ಎಂಬುದು ಕಾಣುವುದಿಲ್ಲ.

ಕಳೆದ ಅಕ್ಟೋಬರಿನಲ್ಲಿ ನನ್ನ ಅಮ್ಮ ವನಜಾ ಮೈಸೂರಿನಿಂದ ಬಂದರು. ಶನಿವಾರಕ್ಕೆ ಹಾನ್‌ಡಾರ್ಫ್ ಎಂದು ನಿಗದಿಯಾಯಿತು. ನನಗೂ ರಜೆ ಇತ್ತು, ಜೊತೆಗೆ ಹೊರಟೆ. ಹಿಂದಿನ ಸಂಜೆ ಆಂಟಿ ಎರಡು ದವಡೆ ಹಲ್ಲು ಕೀಳಿಸಿಕೊಂಡಿದ್ದರು. ಕೆನ್ನೆ ಬೋಂಡದ ಹಾಗೆ ಊದಿತ್ತು, ರಕ್ತ ಇನ್ನೂ ನಿಂತಿರಲಿಲ್ಲ, ಹತ್ತಿ ಕಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ನೀವು ರೆಸ್ಟ್ ತಗೊಳ್ಳಿ ಆಂಟಿ, ನಾವು ಹೋಗ್ಬಿಟ್ಟು ಮಧ್ಯಾಹ್ನಕ್ಕೆ ಬಂದ್ಬಿಡ್ತೀವಿ," ಎಂದೆ.

ಅವರು ಆಗುವುದಿಲ್ಲ ಎಂಬಂತೆ ಜೋರಾಗಿ ತಲೆಯಾಡಿಸಿ, ಸೀದಾ ಹೋಗಿ ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಎಳೆದುಕೊಂಡರು.

"ಇವತ್ತು ರೇಡಿಯೋ ಆಫು," ಎಂದರು ಅಂಕಲ್. "ಆರಾಮಾಗಿ ಹೋಗ್ಬಹುದು." ನಾವೆಲ್ಲ ನಕ್ಕೆವು. ಆಂಟಿ ನಗಲಿಲ್ಲ.

ಕಾರು ಹೊರಟಿತು. ಆಂಟಿಯ ಬಲಗೈ ಅಂಕಲ್‌ನ ಮೊಣಕಾಲಿನ ಮೇಲಿತ್ತು. ಅಮ್ಮ ನನ್ನನ್ನು ತಿವಿದು, "ಈ ವಯಸ್ಸಲ್ಲೂ ಎಷ್ಟು ಅನ್ಯೋನ್ಯ ನೋಡೇ," ಎಂದು ಪಿಸುಗುಟ್ಟಿದರು. ನಾನೂ ನೋಡಿದೆ. ಆ ಕೈ ಸುಮ್ಮನೆ ಇರಲಿಲ್ಲ. ಸಿಗ್ನಲ್ ಹತ್ತಿರ ಬಂದಾಗ ಮೊಣಕಾಲನ್ನು ಅದುಮುತ್ತಿತ್ತು, ಕಾರು ನಿಲ್ಲುತ್ತಿತ್ತು. ಎರಡು ಸಲ ತಟ್ಟಿದರೆ ಹೊರಡುತ್ತಿತ್ತು. ಮೂರನೇ ಸಿಗ್ನಲ್‌ನಲ್ಲಿ ದೀಪವನ್ನೊಮ್ಮೆ, ಆ ಕೈಯನ್ನೊಮ್ಮೆ ನೋಡಿದೆ. ಛೇ, ಇರಲಾರದು ಎಂದುಕೊಂಡೆ. ಫ್ರೀವೇಯಲ್ಲಿ ದೊಡ್ಡ ಲಾರಿಗಳ ನಡುವೆ ಬೆಟ್ಟ ಹತ್ತುವಾಗ ಇಳಿಯುತ್ತೇನೆ ಎನ್ನುವುದು ಹೇಗೆ?

ಅಂಕಲ್ ತಮ್ಮ ಲಹರಿಯಲ್ಲಿದ್ದರು. "ವನಜಮ್ನೋರೇ, ಇಲ್ಲಿನ ಜರ್ಮನ್ ಹೆಂಗಸ್ರು ಬೆಣ್ಣೆ, ಮೊಟ್ಟೆ ಹೊತ್ಕೊಂಡು ಇದೇ ಬೆಟ್ಟ ಇಳ್ದು ಅಡಿಲೇಡ್‌ಗೆ ನಡ್ಕೊಂಡು ಹೋಗ್ತಿದ್ರಂತೆ. ವಾಪಸ್ ಬರೋವಾಗ ಚರ್ಚ್ ಕಟ್ಟೋಕೆ ತಲಾ ಎರಡು ಇಟ್ಟಿಗೆ! ಎಂಥ ಹೆಂಗಸ್ರು ನೋಡಿ."

ಅಮ್ಮ ಲೊಚಗುಟ್ಟಿದರು. ಆಂಟಿ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಹಾನ್‌ಡಾರ್ಫ್‌ನ ಮುಖ್ಯ ಬೀದಿಯಲ್ಲಿ ಜಾತ್ರೆಯಷ್ಟು ಜನ. ಎರಡೂ ಕಡೆ ಹಳೆಯ ಮರಗಳು, ಕಲ್ಲಿನ ಮನೆಗಳು, ಸಾಸೇಜ್ ಹುರಿಯುವ ವಾಸನೆ. ಅಂಕಲ್ ಎಡಗೈ ಎತ್ತಿ, "ಅಗೋ, ಆ ಗೋಡೆ ನೋಡಿ, ಮರದ ತೊಲೆ ಹಾಕಿ ಕಟ್ಟಿರೋದು, ನ್ಯೂರೆಂಬರ್ಗ್‌ನಲ್ಲೂ ಇಂಥದೇ..." ಎಂದು ಅಮ್ಮನ ಕಡೆ ಅರ್ಧ ತಿರುಗಿದರು. ಆಂಟಿಯ ಕೈ ಮೊಣಕಾಲನ್ನು ಅದುಮಿತು. ಕಾರು ನಿಲ್ಲಲಿಲ್ಲ. ಮತ್ತೆ ಅದುಮಿತು, ಹೊಡೆಯಿತು.

"ನಿಲ್ಸೀ!"

ರಕ್ತದ ಹತ್ತಿ ಹೋಗಿ ಗಾಜಿಗೆ ಬಡಿಯಿತು. ಕಾರು ಮುಗ್ಗರಿಸಿ ನಿಂತಿತು. ಬಂಪರಿನಿಂದ ಒಂದು ಮೊಳ ದೂರದಲ್ಲಿ ಮಗುವಿನ ತಳ್ಳುಗಾಡಿ, ಕಡುಕೆಂಪು ಬಣ್ಣದ್ದು. ಒಳಗಿನ ಮಗು ಬಿಸ್ಕತ್ತು ಚೀಪುತ್ತಿತ್ತು. ಅದರ ಅಪ್ಪ ಬಿಳಿಚಿಕೊಂಡು ಬಾನೆಟ್ಟಿನ ಮೇಲೆ ಅಂಗೈಯಿಂದ ಬಡಿದ.

ಅಂಕಲ್ ನೇರವಾಗಿ ಅದೇ ಗಾಡಿಯ ಕಡೆ ಮುಖ ಮಾಡಿ ಕೇಳಿದರು: "ಏನಾಯ್ತು? ಯಾರು ಹೊಡೆದಿದ್ದು?"

ಕಾರನ್ನು ಪಕ್ಕಕ್ಕೆ ಹಾಕಿಸಿ ಕೀಲಿ ಕಿತ್ತುಕೊಂಡೆ. ಹಿರಿಯರ ಕೈಯಿಂದ ಹಾಗೆ ಏನನ್ನೂ ಕಿತ್ತುಕೊಂಡವಳಲ್ಲ ನಾನು. ಅಂಕಲ್‌ಗೆ ಅವಮಾನವಾಯಿತು, ಆ ಸಿಟ್ಟೆಲ್ಲ ಹೆಂಡತಿಯ ಮೇಲೆ ತಿರುಗಿತು. "ಸುಮ್ಸುಮ್ನೆ ಕಿರುಚ್ತಾಳೆ. ಬಂದೋರ ಮುಂದೆ ಮರ್ಯಾದೆ ಕಳೀತಾಳೆ," ಎಂದು ಬೀದಿಯಲ್ಲೇ ಬೈದರು. ಆಂಟಿ ಸೆರಗಿನಿಂದ ಬಾಯಿ ಒರೆಸಿಕೊಂಡರು.

ಒಂದು ಬೇಕರಿಯ ಬಚ್ಚಲಲ್ಲಿ ಬಾಯಿ ತೊಳೆಸುವಾಗ ಕೇಳಿದೆ. "ಎಷ್ಟು ದಿನದಿಂದ ಆಂಟಿ?"

"ಎರಡು ವರ್ಷ ಆಗ್ತಾ ಬಂತು. ನಡುವೆ ಕಾಣಲ್ಲ, ಬದಿಗೆ ಕಾಣತ್ತೆ. ಕಣ್ಣಿನ ಡಾಕ್ಟ್ರು ಓಡಿಸ್ಬೇಡಿ ಅಂದ್ರು. ಇವರು ಮತ್ತೆ ಆ ಕಡೆ ತಲೆ ಹಾಕ್ಲಿಲ್ಲ." ಮಾತು ತೊದಲುತ್ತಿತ್ತು. "ನಾನು ಪಕ್ಕದಲ್ಲಿದ್ರೆ ಏನೂ ಆಗಲ್ಲ ಅಂದ್ಕೊಂಡೆ ಕಣೇ."

"ಜನ ನಿಮ್ಮನ್ನ ಏನಂತಾರೆ ಗೊತ್ತಾ?"

"ಗೊತ್ತು. ಅನ್ಲಿ ಬಿಡು. ಅವರನ್ನ ಕುರುಡ ಅನ್ನೋದಕ್ಕಿಂತ ವಾಸಿ."

ನನಗೆ ಆಕೆಯ ಕಾಲಿಗೆ ಬೀಳಬೇಕು ಎನಿಸಿತು, ಮರುಕ್ಷಣವೇ ಕೆನ್ನೆಗೊಂದು ಬಾರಿಸಬೇಕು ಎನ್ನುವಷ್ಟು ಕೋಪವೂ ಬಂತು. ಎರಡು ವರ್ಷ! ಎಷ್ಟು ಜನರ ಅಪ್ಪ ಅಮ್ಮಂದಿರು ಆ ಹಿಂದಿನ ಸೀಟಿನಲ್ಲಿ ಕೂತು ನಕ್ಕು ಬಂದಿದ್ದರು! ನಿಮ್ಮ ಮನೆ ಡಾಕ್ಟರಿಗೆ ನಾನೇ ಹೇಳುತ್ತೇನೆ ಎಂದೆ. ಆಂಟಿ ನಲ್ಲಿ ನಿಲ್ಲಿಸಿದರು.

"ಬೇಡ. ನಾನೇ ಹೇಳ್ತೀನಿ. ಆ ಮಗು ನನ್ನ ಮುಖಾನೇ ನೋಡ್ತಿತ್ತು."

ವಾಪಸು ನಾನೇ ಕಾರು ಓಡಿಸಿದೆ. ಚರ್ಚು ನೋಡುವ ಮನಸ್ಸು ಯಾರಿಗೂ ಉಳಿದಿರಲಿಲ್ಲ.

ಸೋಮವಾರ ಬಿಪಿ ನೋಡಿಸುವ ನೆಪದಲ್ಲಿ ಇಬ್ಬರನ್ನೂ ಡಾಕ್ಟರ್ ಅಪರ್ಣಾ ಹತ್ತಿರ ಕರೆದುಕೊಂಡು ಹೋದೆ. ನಮ್ಮ ಕಡೆಯ ಹುಡುಗಿ, ಧಾರವಾಡದವಳು. ಆಂಟಿ ಗಂಡನ ಎದುರಿಗೇ, ಒಂದೂ ಬಿಡದೆ, ಎಲ್ಲ ಹೇಳಿದರು. ಅಂಕಲ್ ಮೊದಲು ನಕ್ಕರು, ಆಮೇಲೆ ಸುಳ್ಳು ಎಂದರು. ಗೋಡೆಯ ಹಲಗೆಯ ಮೇಲಿನ ಅತಿ ದೊಡ್ಡ ಅಕ್ಷರ ಓದಿ ಎಂದಾಗ ತಲೆಯನ್ನು ಅತ್ತಿತ್ತ ವಾಲಿಸಿ ನೋಡಿದರು, ಓದಲಾಗಲಿಲ್ಲ. ಅಪರ್ಣಾ ಅವರ ಕೈ ಹಿಡಿದುಕೊಂಡು, "ಅಂಕಲ್, ಇದನ್ನ ನಾನು ಲೈಸೆನ್ಸ್‌ನೋರಿಗೆ ತಿಳಿಸ್ಲೇಬೇಕು, ಇಲ್ಲಿ ಕಾನೂನೇ ಹಂಗದ. ಇವತ್ತಿಂದ ಸ್ಟಿಯರಿಂಗ್ ಮುಟ್ಟಬ್ಯಾಡ್ರಿ," ಎಂದಳು.

ಮನೆಗೆ ಬಂದು ಅಂಕಲ್ ಸೋಫಾದಲ್ಲಿ ಕೂತರು. ಹೆಂಡತಿಯನ್ನು ಕೇಳಿದರು.

"ಎರಡು ವರ್ಷ ಹೇಳ್ಕೊಟ್ಟಿಯಲ್ಲ. ಇನ್ನೆರಡು ವರ್ಷ ಹೇಳ್ಕೊಡೋಕೆ ಏನಾಗಿತ್ತು ನಿನಗೆ?"

"ಮಗು ಸಾಯ್ತಿತ್ತು ರೀ."

"ಸಾಯ್ಲಿಲ್ವಲ್ಲ."

ಆಂಟಿ ಕಣ್ಣು ಮುಚ್ಚಿಕೊಂಡರು. ನನಗೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಬಿಟ್ಟು ಹೋಗಲೂ ಆಗಲಿಲ್ಲ.

"ಶನಿವಾರ ಒಂದಿತ್ತು ನನಗೆ," ಎಂದರು ಅಂಕಲ್. ಅವರ ದನಿ ಒಡೆದಿತ್ತು. ಎಷ್ಟು ಕೋಪವಿದ್ದರೂ ನನಗೆ ಅಯ್ಯೋ ಎನಿಸಿತು. "ಇನ್ಮೇಲೆ ಮನೇಲಿ ಕೂತು ಏನ್ ಮಾಡ್ಲಿ? ಯಾರ ಹತ್ರ ಮಾತಾಡ್ಲಿ?"

ಆಂಟಿ ಅವರ ಪಕ್ಕಕ್ಕೆ ಹೋಗಿ ನಿಂತರು. "ನಾನಿದೀನಲ್ಲ ರೀ," ಎಂದರು.

ಅಂಕಲ್ ನನ್ನ ಕಡೆ ತಿರುಗಿದರು. "ಮಧುರಾ, ನಿಮ್ಮಮ್ಮನಿಗೆ ಆ ಚರ್ಚ್ ಒಂದು ತೋರಿಸೋಕಾಗ್ಲಿಲ್ಲ. ಬೇಜಾರು ಮಾಡ್ಕೋಬೇಡಿ ಅಂತ ಹೇಳಮ್ಮ."

ಆಂಟಿ ಕಾಫಿಗೆ ನೀರಿಡುತ್ತೇನೆಂದು ಒಳಗೆ ಹೋದರು. ನಾನು ತಡೆಯಲಾರದೆ, "ಅಂಕಲ್, ಆಂಟಿ ಮಾತಿಗೊಂದು ಉತ್ತರ ಕೊಡಿ," ಎಂದೆ.

"ಯಾವುದಕ್ಕೆ?" ಎಂದರು ಅಂಕಲ್.