ಸೋಮವ್ವನ ಪತ್ರಿ ಗಿಡ

ಮಗಳು ಸಪ್ನಾ ಕೈಗೂಸಾಗಿದ್ದಾಗ ನೇಸರಗಿಯ ಸೋಮವ್ವ ಒಂದು ಹರಕೆ ಹೊತ್ತಳು. ಹಾಸಿಗೆ ಹಿಡಿದ ಗಂಡ ಎದ್ದು ಓಡಾಡಿದರೆ, ಹಿತ್ತಲಿನ ಗಿಡ ಇರುವವರೆಗೂ ದಿನಾ ಮುಂಜಾನೆ ಬಿಲ್ವಪತ್ರಿಯನ್ನು ತನ್ನ ಕೈಯಾರೆ ಈಶ್ವರನ ಗುಡಿಗೆ ಒಯ್ಯುವುದು. ಗಿಡ ಆಗ ಅರ್ಧ ಒಣಗಿತ್ತು. ಗಂಡ ಎದ್ದ. ಹರಕೆಯ ಗಿಡವನ್ನು ಒಣಗಲು ಬಿಡುವಂತಿರಲಿಲ್ಲ. ಸೋಮವ್ವ ಬುಡಕ್ಕೆ ಪಾತಿ ಮಾಡಿ, ಸಗಣಿ ಗೊಬ್ಬರ ಹಾಕಿ, ಬದನೆ, ಮಲ್ಲಿಗೆಗೆ ಬಿಡುವ ಬಚ್ಚಲ ನೀರನ್ನು ಅದಕ್ಕೂ ತಿರುಗಿಸಿದಳು. ಗಿಡ ಮಾಳಿಗೆ ಮೀರಿ ಬೆಳೆಯಿತು.

ಅಂದಿನಿಂದ ಅವಳು ಪರ ಊರಿನಲ್ಲಿ ಒಂದು ರಾತ್ರಿಯೂ ಉಳಿದಿರಲಿಲ್ಲ. ತವರಿನ ಮದುವೆಗೆ ಹೋದರೂ ಅಕ್ಕಿಕಾಳು ಬಿದ್ದ ಕೂಡಲೇ ಬಸ್ಸಿಗೆ ಓಡಬೇಕಿತ್ತು.

"ಸೋಮಕ್ಕನ್ನ ಗಿಡಕ್ಕ ಕಟ್ಟ್ಯಾರ, ಹಗ್ಗಾ ಅಷ್ಟ ಕಾಣಂಗಿಲ್ಲ," ಎಂದು ತಮ್ಮ ಮಾಳಪ್ಪ ನಗಾಡುತ್ತಿದ್ದ.

ಈ ವರ್ಷ ರಾಮದುರ್ಗದಲ್ಲಿರುವ ಸಪ್ನಾಗೆ ಎರಡನೇ ಹೆರಿಗೆ. ಬಸ್ಸು ಹತ್ತಬೇಡ ಎಂದು ಡಾಕ್ಟರು ಹೇಳಿದ್ದರು. "ಅವ್ವಾ, ನೀನ ಬಾ," ಎಂದು ಮಗಳು ಫೋನಿನಲ್ಲಿ ಅತ್ತಳು.

ಶಿವರಾತ್ರಿ ಕಳೆದು ಗಿಡ ಎಲೆ ಉದುರಿಸಿ ಬೋಳಾಗಿತ್ತು. ಒಣಗಿದರೂ ಪತ್ರಿ ಹಳಸುವುದಿಲ್ಲ, ತೊಳೆದು ಏರಿಸಬಹುದು. ಸೋಮವ್ವ ಒಣ ಪತ್ರಿಯನ್ನು ಬುಟ್ಟಿ ತುಂಬ ಒಯ್ದು ಗುಡಿಯಲ್ಲಿಟ್ಟಳು.

"ಪೂಜಾರಿ ಅಜ್ಜಾರ, ಬೋಳ ಗಿಡದಾಗ ನಾನರೆ ಏನ್ ಹರೀಲಿ? ಚಿಗುರೂತನಾ ದಿನಾ ಇದನ್ನ ಏರಸ್ರಿ."

ಪೂಜಾರಿ ಮಹಾಂತಪ್ಪ ತಲೆಯಾಡಿಸಿದ. ಅತ್ತೆ ಪದ್ಮವ್ವ ಅಷ್ಟು ಸುಲಭವಾಗಿ ಬಿಡಲಿಲ್ಲ.

"ಚಿಗುರಿದ ದಿನಾ ನೀ ಇಲ್ಲಿರಬೇಕ ನೋಡ. ನನ್ನ ಮಗನ ಜೀವಕ್ಕ ಹೊತ್ತ ಹರಕಿ ಅದು."

ರಾಮದುರ್ಗದಲ್ಲಿ ಸೋಮವ್ವ ಚೀಲದಿಂದ ಸೀರೆಗಳನ್ನೂ ಹೊರಗೆ ತೆಗೆಯಲಿಲ್ಲ. ದಿನಾ ಮುಂಜಾನೆ ಎದ್ದವಳೇ ಫೋನು ಮಾಡುತ್ತಿದ್ದಳು: "ಅತ್ತಿ, ಚಿಗುರೇತೇನ್ರಿ?" ಇಲ್ಲ ಎಂದರೆ ಆ ದಿನ ಅವಳದು. ಸಪ್ನಾಗೆ ಹೆಣ್ಣು ಕೂಸು ಹುಟ್ಟಿತು. ಬಾಣಂತಿಗೆ ನೀರು ಹಾಕುವಾಗಲೂ ನಾಳೆಯ ಬಸ್ಸಿನದೇ ಚಿಂತೆ.

ಕೂಸಿಗೆ ವಾರ ತುಂಬುವ ಮೊದಲೇ ನೇಸರಗಿಯ ಹಿತ್ತಲಲ್ಲಿ ಟೊಂಗೆ ಟೊಂಗೆಗೂ ಎಳೆ ಎಲೆ ಒಡೆದವು. ಪದ್ಮವ್ವ ಗಿಡದ ಕೆಳಗೆ ನಿಂತು ನೋಡುತ್ತಿದ್ದಾಗಲೇ ಫೋನು ಬಂತು. ಸೊಸೆಯ ಮಾತಿನ ಹಿಂದೆ ಕೂಸು ಕಿರುಚಿ ಅಳುತ್ತಿತ್ತು.

"ಅತ್ತಿ, ಚಿಗುರೇತೇನ್ರಿ?"

ಪದ್ಮವ್ವ ಕೈಗೆಟುಕಿದ ಎಳೆ ಪತ್ರಿಯೊಂದನ್ನು ಮುಟ್ಟಿ ನೋಡಿದಳು.

"ಇಲ್ಲವಾ, ಇನ್ನೂ ಬೋಳೈತಿ. ಕೂಸು ಯಾಕ ಹಂಗ ಅಳಾಕ ಹತ್ತೇತಿ? ಮೊದಲ ಎತ್ತಕೋ ಅದನ್ನ."